ಹೇಳಿದ್ದಾರೆ, ಹೇಳಿಕೊಂಡಿದ್ದಾರೆ

ಹೆಸರು ಮತ್ತು ಗುರುತು ಹಿಡಿಯಬಹುದಾದ ವಿವರಗಳನ್ನೆಲ್ಲ ಬದಲಿಸಿ, ಸಂಬಂಧಪಟ್ಟವರ ಒಪ್ಪಿಗೆ ಪಡೆದು ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ಇಂಥದೇ ತಳಮಳ ಹೊತ್ತು ಆಪ್ತಸಲಹೆಗಾರ್ತಿಯಾದ ನನ್ನ ಬಳಿ ಬಂದ ಪತ್ರಕರ್ತರಲ್ಲಿ ಇವರು ಮೂರನೆಯವರು. ಮಹೇಶ ಎಂದು ಕರೆಯೋಣ.

2018ರ ಅಕ್ಟೋಬರ್‌ನಲ್ಲಿ, ತಮಗಾದ ಲೈಂಗಿಕ ಕಿರುಕುಳವನ್ನು ಮಹಿಳೆಯರು ಬಹಿರಂಗವಾಗಿ ಹೇಳತೊಡಗಿದ ಮೀಟೂ ಅಲೆ ಬೆಂಗಳೂರಿಗೂ ಬಂದು, ಕನ್ನಡದ ನಟಿಯೊಬ್ಬರ ಆರೋಪದ ಬೆನ್ನಲ್ಲೇ ಅಂಬರೀಶ್ ಅವರ ಸಮ್ಮುಖದಲ್ಲಿ ಚಲನಚಿತ್ರ ವಾಣಿಜ್ಯ ಮಂಡಳಿಯಲ್ಲಿ ಸಂಧಾನ ಸಭೆ ನಡೆದ ದಿನಗಳಲ್ಲಿ, ಮಹೇಶ ದಿನಪತ್ರಿಕೆಯೊಂದರ ಕಿರಿಯ ವರದಿಗಾರರಾಗಿದ್ದರು. ಸಿನಿಮಾಕ್ಕೆ ಸಂಬಂಧವಿಲ್ಲದ ಖಾಸಗಿ ಕಚೇರಿಯೊಂದರ ಮಹಿಳೆ ತಮ್ಮ ಹಿಂದಿನ ಮೇಲಧಿಕಾರಿಯ ವಿರುದ್ಧ ಸಾಮಾಜಿಕ ಜಾಲತಾಣದಲ್ಲಿ ಬರೆದುಕೊಂಡಿದ್ದನ್ನು ನೋಡಿ, ಅವರನ್ನು ಭೇಟಿಯಾಗಿ ವರದಿ ಮಾಡಿದ್ದರು. ವರದಿ ಪ್ರಕಟವಾದ ಮರುದಿನ ಆ ಮಹಿಳೆಯಿಂದ ಒಂದು ಸಂದೇಶ ಬಂದಿತ್ತು: ‘ನೀವು ಬರೆದದ್ದರಲ್ಲಿ ಸುಳ್ಳೇನೂ ಇಲ್ಲ. ಆದರೆ ಅದನ್ನು ಓದಿದ ಮೇಲೆ ನನ್ನ ತಾಯಿ ನನ್ನನ್ನು ನಂಬುವುದು ಬಿಟ್ಟರು.’

ಆರು ವರ್ಷ ಆ ಸಂದೇಶ ಮಹೇಶರ ಫೋನಿನಲ್ಲಿಯೇ ಇತ್ತು. 2024ರ ಆಗಸ್ಟ್‌ನಲ್ಲಿ ಮಲಯಾಳಂ ಚಿತ್ರರಂಗದ ಮಹಿಳೆಯರ ಸ್ಥಿತಿಗತಿ ಕುರಿತ ಕೇರಳದ ಹೇಮಾ ಸಮಿತಿಯ ವರದಿ ಬಹಿರಂಗವಾಗಿ, ಕನ್ನಡ ಚಿತ್ರರಂಗದಲ್ಲಿಯೂ ನಿವೃತ್ತ ನ್ಯಾಯಮೂರ್ತಿಯ ನೇತೃತ್ವದಲ್ಲಿ ಅಂಥ ಸಮಿತಿ ಬೇಕೆಂದು ಚಿತ್ರರಂಗದವರ ಹಕ್ಕು, ಸಮಾನತೆಗಾಗಿ ದುಡಿಯುವ ‘ಫೈರ್’ ಸಂಸ್ಥೆ ಸರ್ಕಾರಕ್ಕೆ ಮನವಿ ಕೊಟ್ಟಾಗ, ಆ ಸುದ್ದಿ ಬರೆಯುವ ಹೊಣೆ ಮಹೇಶರ ಪಾಲಿಗೆ ಬಂತು. ರಾತ್ರಿಯವರೆಗೆ ಕುಳಿತರೂ ಒಂದು ಸಾಲೂ ಮೂಡಲಿಲ್ಲ. ನಿದ್ದೆ ಕೆಟ್ಟದ್ದು ಅಲ್ಲಿಂದ.

ಮೊದಲ ಎರಡು ಭೇಟಿಗಳಲ್ಲಿ ನಾನು ಅವರಿಗೆ ಸಮಾಧಾನ ಹೇಳಿದೆ. ಎರಡೂ ಕಡೆಯವರ ಮಾತನ್ನು ಹಾಕಿದ್ದೀರಿ, ನಿಮ್ಮ ಕರ್ತವ್ಯ ಮಾಡಿದ್ದೀರಿ ಎಂದೆ. ಅದು ನನ್ನ ತಪ್ಪು. ವರದಿಯನ್ನೇ ಓದದೆ ಆಡಿದ ಮಾತು ಅದು.

ಮೂರನೆಯ ಭೇಟಿಗೆ ಪತ್ರಿಕೆಯ ಕತ್ತರಿಸಿದ ತುಣುಕನ್ನು ತರಲು ಹೇಳಿದೆ. ಮಡಿಕೆಯ ಗೆರೆಯಲ್ಲಿ ಅಕ್ಷರ ಮಾಸಿದ್ದ, ಎರಡು ಕಾಲಂ ಸುದ್ದಿ. ‘ಎಣಿಸಿ ನೋಡಿ ಮೇಡಂ, ಅವರಿಗೆ ಹದಿನಾಲ್ಕು ಸಾಲು, ಇವರಿಗೂ ಹದಿನಾಲ್ಕು ಸಾಲು’ ಎಂದರು ಮಹೇಶ. ಜೋರಾಗಿ ಓದಿ ಎಂದೆ. ಓದುತ್ತಾ ಮಹಿಳೆಯ ಭಾಗಕ್ಕೆ ಬಂದಾಗ ಪ್ರತಿ ವಾಕ್ಯವೂ ‘ಹೇಳಿಕೊಂಡಿದ್ದಾರೆ’ ಎಂದು ಮುಗಿಯುತ್ತಿತ್ತು. ಮೇಲಧಿಕಾರಿಯ ಭಾಗದಲ್ಲಿ ‘ಸ್ಪಷ್ಟಪಡಿಸಿದ್ದಾರೆ’, ‘ತಿಳಿಸಿದ್ದಾರೆ’. ಮೂರನೆಯ ‘ಹೇಳಿಕೊಂಡಿದ್ದಾರೆ’ ಬಂದಾಗ ಅವರ ದನಿ ನಿಂತಿತು. ಪೆನ್ನು ಕೇಳಿ ಪಡೆದು, ಕ್ರಿಯಾಪದಗಳ ಕೆಳಗೆ ಗೆರೆ ಎಳೆಯುತ್ತಾ ಹೋದರು. ನಾನು ಸುಮ್ಮನಿದ್ದೆ.

ಮನೆಯಲ್ಲಿ ‘ಅಕ್ಕ ತನ್ನ ಕಷ್ಟ ಹೇಳಿಕೊಂಡಳು’ ಎಂದರೆ ನಮ್ಮ ಮನಸ್ಸು ಕರಗುತ್ತದೆ. ಅದೇ ಪದ ಸುದ್ದಿಯ ಕಾಲಂಗೆ ಬಂದರೆ, ತನಗೆ ಬೇಕಾದಂತೆ ಹೇಳಿಕೊಂಡಿದ್ದಾಳೆ ಎಂಬ ಧ್ವನಿ ಅಂಟಿಕೊಳ್ಳುತ್ತದೆ. ‘ಸ್ಪಷ್ಟಪಡಿಸಿದ್ದಾರೆ’ ಎಂದಾಗಲೋ ಸತ್ಯವೊಂದು ಮೊದಲೇ ಇತ್ತು, ಅವರು ಅದರ ಮೇಲಿನ ಧೂಳು ಒರೆಸಿದರು ಅಷ್ಟೇ ಎಂದಾಗುತ್ತದೆ. ಸಾಲುಗಳ ಲೆಕ್ಕ ಸಮನಾಗಿದ್ದರೂ ತೂಕ ಒಂದೇ ಕಡೆಗೆ ಬಿದ್ದಿತ್ತು.

‘ಸಾಬೀತಾಗದ್ದನ್ನು ಹಾಗೇ ಬರೆದರೆ ಮಾನನಷ್ಟ ಮೊಕದ್ದಮೆ ಬೀಳುತ್ತದೆ ಮೇಡಂ’ ಎಂದು ಅವರು ವಾದಿಸಿದರು. ಭಯ ಸುಳ್ಳಲ್ಲ, 2018ರ ಅದೇ ಅಕ್ಟೋಬರ್‌ನಲ್ಲಿ ಆಗಿನ ಕೇಂದ್ರ ಸಚಿವ ಎಂ.ಜೆ. ಅಕ್ಬರ್, ತಮ್ಮ ಮೇಲೆ ಲೈಂಗಿಕ ಕಿರುಕುಳದ ಆರೋಪ ಮಾಡಿದ್ದ ಪತ್ರಕರ್ತೆ ಪ್ರಿಯಾ ರಮಣಿ ವಿರುದ್ಧ ಕ್ರಿಮಿನಲ್ ಮಾನನಷ್ಟ ಮೊಕದ್ದಮೆ ಹೂಡಿದ್ದರು, ದೆಹಲಿಯ ನ್ಯಾಯಾಲಯ ರಮಣಿಯವರನ್ನು ಖುಲಾಸೆ ಮಾಡಿದ್ದು 2021ರ ಫೆಬ್ರವರಿಯಲ್ಲಿ. ಆದರೆ ‘ಹೇಳಿದ್ದಾರೆ’ ಎಂದು ಬರೆದರೆ ಹೇಳಿದ್ದು ನಿಜವೆಂದು ಪತ್ರಿಕೆ ಪ್ರಮಾಣ ಮಾಡಿದಂತಾಗುವುದಿಲ್ಲ. ಅವರು ಹೇಳಿದರು ಎಂಬುದಕ್ಕಷ್ಟೇ ಅದು ಸಾಕ್ಷಿ. ಆ ಒಂದೇ ಪದವನ್ನು ಇಬ್ಬರಿಗೂ ಬಳಸಲು ಯಾವ ಕಾನೂನು ಅಡ್ಡಬಂದಿತ್ತು ಎಂದು ಕೇಳಿದೆ.

ತುಣುಕಿನ ಕೊನೆಯಲ್ಲಿ ‘ಇಷ್ಟು ವರ್ಷ ಏಕೆ ಸುಮ್ಮನಿದ್ದರು?’ ಎಂಬ ಮೇಲಧಿಕಾರಿಯ ಪ್ರಶ್ನೆಯಿತ್ತು. ಘಟನೆ 2011ರದ್ದು; ಕೆಲಸದ ಸ್ಥಳದ ಲೈಂಗಿಕ ಕಿರುಕುಳ ತಡೆ ಕಾಯ್ದೆ ಬಂದದ್ದು 2013ರಲ್ಲಿ; ಅದರಲ್ಲಿಯೂ ದೂರು ಕೊಡಲು ಇರುವ ಅವಧಿ 3 ತಿಂಗಳು, ತಡವಾದದ್ದಕ್ಕೆ ಕಾರಣ ಒಪ್ಪಿತವಾದರೆ ಇನ್ನೂ 3 ತಿಂಗಳು. ಜಾಲತಾಣದ ಗೋಡೆಯ ಮೇಲೆ ಬರೆದವರು ಆ ಕಾಯ್ದೆಯ ಬಾಗಿಲು ತೆರೆದಿದ್ದೂ ಅಲ್ಲಿಗೆ ಬಂದವರಲ್ಲ ಎಂಬುದನ್ನು ಹೇಳಲು ಎರಡೇ ಸಾಲು ಸಾಕಿತ್ತು.

ಇಷ್ಟಾದ ಮೇಲೆ ಮಹೇಶ ತಾವಾಗಿಯೇ ಇನ್ನೊಂದು ವಿಷಯ ತೆಗೆದರು. ಅದೇ ವಾರ ಹೆಸರಿಲ್ಲದ ಖಾತೆಯೊಂದರ ಸ್ಕ್ರೀನ್‌ಶಾಟ್ ಆಧರಿಸಿ ಉಪನ್ಯಾಸಕರೊಬ್ಬರ ಹೆಸರನ್ನು ಅವರು ಪ್ರಕಟಿಸಿದ್ದರು. ‘ಪ್ರತಿಕ್ರಿಯೆಗೆ ಲಭ್ಯರಾಗಲಿಲ್ಲ’ ಎಂದೂ ಸೇರಿಸಿದ್ದರು. ಪುಟ ಮುಗಿಸುವ ಕಾಲು ಗಂಟೆ ಮೊದಲು ಕೊಟ್ಟ ಒಂದು ಮಿಸ್ಡ್ ಕಾಲ್, ಅಷ್ಟೇ ಅವರು ಮಾಡಿದ್ದ ಪ್ರಯತ್ನ. ಚಳವಳಿಯ ಪರ ಇರುವವರಿಗೆ ಈ ಭಾಗ ರುಚಿಸದೆ ಹೋಗಬಹುದು, ಆದರೂ ಬರೆಯುತ್ತಿದ್ದೇನೆ: ಪ್ರಕಟಣೆಗೆ ಮುನ್ನ ಸಂಬಂಧಪಟ್ಟವರ ಮಾತು ಕೇಳಬೇಕೆಂಬ ಪ್ರೆಸ್ ಕೌನ್ಸಿಲ್‌ನ ನಿಯಮ ಜನಪ್ರಿಯ ಆರೋಪಗಳಿಗೆ ವಿನಾಯಿತಿ ಕೊಟ್ಟಿಲ್ಲ.

ನಾನು ಕೊಟ್ಟ ಸಲಹೆ ಹೀಗಿತ್ತು. ಆ ಮಹಿಳೆಗೆ ಫೋನ್ ಮಾಡಿ ಕ್ಷಮೆ ಕೇಳಬೇಡಿ, ಏಕೆಂದರೆ ಆಗ ನಿಮ್ಮನ್ನು ಸಮಾಧಾನಪಡಿಸುವ ಹೊರೆಯೂ ಅವರ ತಲೆಗೇ ಬೀಳುತ್ತದೆ. ಏನು ತಪ್ಪಾಯಿತೆಂದು ನಾಲ್ಕು ಸಾಲಿನ ಇಮೇಲ್ ಬರೆಯಿರಿ, ಉತ್ತರ ಬೇಕಿಲ್ಲವೆಂದು ತಿಳಿಸಿ, ಅಂತರ್ಜಾಲದಲ್ಲಿ ಇಂದಿಗೂ ಇರುವ ಆ ಸುದ್ದಿಯನ್ನು ತಿದ್ದುವುದು ಅವರಿಗೆ ಇಷ್ಟವೇ ಎಂದು ಮಾತ್ರ ಕೇಳಿ. ಉಪನ್ಯಾಸಕರ ಸುದ್ದಿಯ ಬಗ್ಗೆ ಯಾರನ್ನೂ ಕೇಳುವ ಅಗತ್ಯವಿಲ್ಲ. ಸಂಪಾದಕರಿಗೆ ನಡೆದದ್ದನ್ನು ತಿಳಿಸಿ, ತಿದ್ದಿದ ದಿನಾಂಕ ಕಾಣುವಂತೆ ತಿದ್ದುಪಡಿ ಹಾಕಿಸಿ.

ಇದು ಆಪ್ತಸಲಹೆಯಲ್ಲ, ಪತ್ರಿಕೋದ್ಯಮದ ಪಾಠ ಎಂದು ನನ್ನ ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಅಪರಾಧಿ ಭಾವವನ್ನು ಇಳಿಸುವುದು ನಮ್ಮ ಕೆಲಸ, ಕಡತ ತೆರೆಯುವುದಲ್ಲ ಎಂಬುದು ಅವರ ನಿಲುವು. ಕಾರಣವಿಲ್ಲದ ಅಪರಾಧಿ ಭಾವಕ್ಕೆ ಆ ಮಾತು ಸರಿ. ಕಾರಣ ಇದ್ದಾಗ, ಅದನ್ನು ತೋರಿಸದೆ ಸಮಾಧಾನ ಹೇಳಿದ ನನ್ನ ಎರಡು ಭೇಟಿಗಳಿಂದ ಅವರಿಗೆ ಒಂದು ರಾತ್ರಿಯ ನಿದ್ದೆಯೂ ಬಂದಿರಲಿಲ್ಲ.

ಉಪನ್ಯಾಸಕರ ಸುದ್ದಿಗೆ ತಿದ್ದುಪಡಿ ಬಂತು. ಮಹಿಳೆಯಿಂದ ಉತ್ತರ ಬಂದಿಲ್ಲ. ಇನ್ನೊಮ್ಮೆ ಬರೆಯಲೇ ಎಂದು ಮಹೇಶ ಕಳೆದ ಭೇಟಿಯಲ್ಲಿ ಕೇಳಿದರು. ಬೇಡ ಎಂದೆ.