ಓದುಗರ ಪ್ರಶ್ನೆ: ಮನೆಯಲ್ಲಿ ಪೆಟ್ಟಿಗೆ ಎರಡಿರಲಿ, ರೂಟರ್ ಕೆಲಸ ಒಂದೇ ಮಾಡಲಿ

ಪ್ರಶ್ನೆ: ಚಾವಡಿಯಲ್ಲಿ ಇಂಟರ್ನೆಟ್ ಕಂಪನಿಯವರು ಕೊಟ್ಟ ಫೈಬರ್ ಮೋಡೆಮ್ ಇದೆ. ಅದರ ವೈಫೈ ಉಪ್ಪರಿಗೆಗೆ ತಲುಪದ ಕಾರಣ ಸ್ವಂತ ರೂಟರ್ ತಂದು, ಮೋಡೆಮಿನಿಂದ ಕೇಬಲ್ ಎಳೆದು ಅದರ ವ್ಯಾನ್ (ಹೊರಗಿನ ಇಂಟರ್ನೆಟ್ ಬರುವ) ಪೋರ್ಟಿಗೆ ಹಾಕಿದ್ದೇವೆ. ನೆಟ್ ಬರುತ್ತದೆ. ಆದರೆ ಚಾವಡಿಯಿಂದ ಉಪ್ಪರಿಗೆಯ ಪ್ರಿಂಟರಿಗೆ ಪ್ರಿಂಟ್ ಕೊಡಲು ಹೋದರೆ ಪ್ರಿಂಟರ್ ಕಾಣುವುದೇ ಇಲ್ಲ. ರೂಟರ್ ಹಾಳಾಗಿದೆಯೇ?
– ಓದುಗರು, ಕದ್ರಿ, ಮಂಗಳೂರು

ಉತ್ತರ: ಹಾಳಾಗಿಲ್ಲ. ಮೋಡೆಮ್ ಎಂದು ನಾವು ಕರೆಯುವ ಪೆಟ್ಟಿಗೆಯೊಳಗೇ ಒಂದು ರೂಟರ್ ಇರುತ್ತದೆ. ಈಗ ನಿಮ್ಮಲ್ಲಿ ಐಪಿ ವಿಳಾಸ ಹಂಚುವ ಪೆಟ್ಟಿಗೆಗಳು ಎರಡಾದವು: ಕೆಳಗಿನದು 192.168.1ರ ಸಾಲಿನಲ್ಲಿ ಹಂಚಿದರೆ ಮೇಲಿನದು 192.168.0ರ ಸಾಲಿನಲ್ಲಿ ಹಂಚುತ್ತಿರಬಹುದು. ಉಪ್ಪರಿಗೆಯಿಂದ ಹೊರಟದ್ದು ಹೊರಗೆ ಹೋಗಿ ಉತ್ತರ ತರುತ್ತದೆ. ಚಾವಡಿಯಿಂದ ತಾನಾಗಿ ಬಂದದ್ದನ್ನು ಹೊಸ ರೂಟರ್ ಹೊರಗಿನದೆಂದು ತಡೆಯುತ್ತದೆ. ಹೀಗೆ ವಿಳಾಸ ಬದಲಿಸುವ ಕೆಲಸ (ನ್ಯಾಟ್) ಎರಡು ಕಡೆ ನಡೆಯುವುದೇ ಡಬಲ್ ನ್ಯಾಟ್. ಎರಡೂ ಪೆಟ್ಟಿಗೆ ಒಂದೇ ಸಾಲಿನ ವಿಳಾಸ ಹಿಡಿದುಕೊಂಡರೆ ನೆಟ್ ಕೂಡ ಬರುವುದಿಲ್ಲ.

ನಿಮಗೆ ಬೇಕಿರುವುದು ವೈಫೈ ವಿಸ್ತಾರ ಮಾತ್ರ. ಹಾಗಾಗಿ ಹೊಸ ರೂಟರನ್ನು ಆಕ್ಸೆಸ್ ಪಾಯಿಂಟ್ (ವಿಳಾಸ ಹಂಚದೆ ವೈಫೈ ಮಾತ್ರ ಕೊಡುವ ಪೆಟ್ಟಿಗೆ) ಮಾಡಿಬಿಡಿ. ಸೆಟ್ಟಿಂಗಿನಲ್ಲಿ ಆ ಹೆಸರಿನ ಮೋಡ್ ಇದ್ದರೆ ಅದನ್ನು ಆರಿಸಿದರೆ ಸಾಕು. ಇಲ್ಲದಿದ್ದರೆ ಮೊದಲು ಎರಡರ ನಡುವಿನ ಕೇಬಲ್ ಕಳಚಿ, ಲ್ಯಾಪ್‌ಟಾಪನ್ನು ಹೊಸ ರೂಟರಿಗೆ ಜೋಡಿಸಿ. ಮೋಡೆಮಿನ ವಿಳಾಸ 192.168.1.1 ಆಗಿದ್ದರೆ ರೂಟರಿನ ಲ್ಯಾನ್ (ಮನೆಯೊಳಗಿನ ಜಾಲದ) ವಿಳಾಸವನ್ನು 192.168.1.250 ಮಾಡಿ, ಮೋಡೆಮಿನ ಡಿಎಚ್‌ಸಿಪಿ (ತಾನಾಗಿ ಐಪಿ ವಿಳಾಸ ಹಂಚುವ ವ್ಯವಸ್ಥೆ) ಪಟ್ಟಿ ಅಲ್ಲಿಯವರೆಗೂ ಚಾಚಿದ್ದರೆ ಅದನ್ನು 192.168.1.200ಕ್ಕೆ ನಿಲ್ಲಿಸಿ. ಆಮೇಲೆ ರೂಟರಿನ ಡಿಎಚ್‌ಸಿಪಿ ಆಫ್ ಮಾಡಿ. ಕೊನೆಗೆ ಮೋಡೆಮಿನ ಲ್ಯಾನ್ ಪೋರ್ಟಿನಿಂದ ರೂಟರಿನ ಲ್ಯಾನ್ ಪೋರ್ಟಿಗೇ ಕೇಬಲ್ ಹಾಕಿ, ವ್ಯಾನ್ ಪೋರ್ಟನ್ನು ಖಾಲಿ ಬಿಡಿ. ಡಿಎಚ್‌ಸಿಪಿ ಆಫ್ ಮಾಡಲು ಮರೆತರೆ ಕೆಲವು ಮೊಬೈಲುಗಳಿಗೆ ನೆಟ್ ಸಿಕ್ಕಿ ಕೆಲವಕ್ಕೆ ಸಿಗದ ವಿಚಿತ್ರ ತೊಂದರೆ ಶುರುವಾಗುತ್ತದೆ.

ಎರಡಕ್ಕೂ ಒಂದೇ ವೈಫೈ ಹೆಸರು, ಒಂದೇ ಪಾಸ್‌ವರ್ಡ್ ಇಡಿ. 2.4 ಗಿಗಾಹರ್ಟ್ಸ್‌ನಲ್ಲಿ ಒಂದಕ್ಕೆ ಚಾನೆಲ್ 1, ಇನ್ನೊಂದಕ್ಕೆ 6 ಅಥವಾ 11 ಕೊಡಿ. ನಮ್ಮ ಕಡೆಯ ಮುರಕಲ್ಲಿನ ದಪ್ಪ ಗೋಡೆ, ಕಾಂಕ್ರೀಟ್ ಸ್ಲ್ಯಾಬ್‌ಗಳನ್ನು ದಾಟುವಾಗ 5 ಗಿಗಾಹರ್ಟ್ಸ್ ಬೇಗ ಸೋಲುತ್ತದೆ. ರೂಟರನ್ನು ಬೇಕಾದ ಕೋಣೆಯೊಳಗೇ ಇಡುವುದು ಒಳ್ಳೆಯದು. ಕೇಬಲ್ ಕ್ಯಾಟ್ 6 ಇರಲಿ. ವೇಗ 100 ಎಂಬಿಪಿಎಸ್‌ನಲ್ಲೇ ನಿಂತರೆ ಕನೆಕ್ಟರ್ ನೋಡಿ: ಗಿಗಾಬಿಟ್ ವೇಗಕ್ಕೆ ಎಂಟೂ ಎಳೆಗಳು ಕೂಡಿರಬೇಕು, 100ಕ್ಕೆ ನಾಲ್ಕೇ ಸಾಕು.

ಪ್ರಶ್ನೆ: ಹೊರಗಿನಿಂದ ಮನೆಯ ಸಿಸಿಟಿವಿ ರೆಕಾರ್ಡರ್ ನೋಡಬೇಕು. ಮೋಡೆಮನ್ನು ಬ್ರಿಡ್ಜ್ ಮಾಡಿಸಿ (ಅದರ ರೂಟರ್ ಕೆಲಸ ನಿಲ್ಲಿಸಿ) ಸ್ವಂತ ರೂಟರ್ ಹಾಕಿದರೆ ಆಗುತ್ತದೆಯೇ?
– ಓದುಗರು, ಕಾಪು

ಉತ್ತರ: ಮೊದಲು ಮೋಡೆಮಿನ ವ್ಯಾನ್ ಐಪಿ ನೋಡಿ. ಅದು 100.64ರಿಂದ 100.127ರ ನಡುವೆ ಶುರುವಾಗಿದ್ದರೆ ನೀವು ಕಂಪನಿಯ ಸಿಜಿನ್ಯಾಟ್ (ಹಲವು ಗ್ರಾಹಕರಿಗೆ ಒಂದೇ ಪಬ್ಲಿಕ್ ಐಪಿ ಹಂಚುವ ವ್ಯವಸ್ಥೆ) ಹಿಂದೆ ಇದ್ದೀರಿ. ಬ್ರಿಡ್ಜ್ ಮಾಡಿಸಿಯೂ ಪೋರ್ಟ್ ಫಾರ್ವರ್ಡ್ (ಹೊರಗಿನಿಂದ ಬಂದದ್ದನ್ನು ಒಳಗಿನ ಸಾಧನಕ್ಕೆ ಕಳಿಸುವ ಸೆಟ್ಟಿಂಗ್) ಕೆಲಸ ಮಾಡದು. ಸ್ಟ್ಯಾಟಿಕ್ ಐಪಿ (ಬದಲಾಗದ ಪಬ್ಲಿಕ್ ವಿಳಾಸ) ಕೇಳಿ, ಇಲ್ಲವೇ ರೆಕಾರ್ಡರಿನ ಸ್ವಂತ ಆ್ಯಪ್ ಬಳಸಿ. ರೆಕಾರ್ಡರಿನ ಪೋರ್ಟನ್ನು ಇಂಟರ್ನೆಟ್ಟಿಗೆ ನೇರ ತೆರೆದಿಡುವುದು ಅಪಾಯ. ಐಪಿ ಪಬ್ಲಿಕ್ ಆಗಿದ್ದರೂ ವಿಪಿಎನ್ (ಮನೆಯ ಜಾಲಕ್ಕೆ ಗುಪ್ತ ಸಂಪರ್ಕ) ಮೂಲಕ ಬರುವುದೇ ಸರಿ.

ಬ್ರಿಡ್ಜ್ ಮಾಡಿಸುವುದಿದ್ದರೆ ಪಿಪಿಪಿಓಇ (ಕಂಪನಿಯ ಜಾಲಕ್ಕೆ ಲಾಗಿನ್ ಆಗುವ ವಿಧಾನ) ಯೂಸರ್‌ನೇಮ್, ಪಾಸ್‌ವರ್ಡ್, ವಿಲ್ಯಾನ್ (ಕಂಪನಿ ಒಂದೇ ತಂತಿಯಲ್ಲಿ ಸೇವೆಗಳನ್ನು ಬೇರ್ಪಡಿಸುವ) ಸಂಖ್ಯೆ ಮೂರನ್ನೂ ಮೊದಲೇ ಕೇಳಿಟ್ಟುಕೊಂಡು, ಹಳೆಯ ವ್ಯಾನ್ ಪುಟದ ಫೋಟೋ ತೆಗೆದಿಡಿ. ರೂಟರಿನಲ್ಲಿ ಎಂಟಿಯು (ಒಮ್ಮೆಗೆ ಕಳಿಸುವ ದತ್ತಾಂಶದ ಗರಿಷ್ಠ ಗಾತ್ರ) 1492 ಇಡಿ. 1500 ಇದ್ದರೆ ಕೆಲವು ಸೈಟುಗಳು ಅರ್ಧಕ್ಕೆ ನಿಲ್ಲಬಹುದು. ಎಲ್ಲ ಸರಿಯಿದ್ದೂ ಲಾಗಿನ್ ಆಗದಿದ್ದರೆ ಹಳೆಯ ಮ್ಯಾಕ್ ವಿಳಾಸದ (ಸಾಧನದ ಸ್ವಂತ ಗುರುತು ಸಂಖ್ಯೆಯ) ಬೈಂಡಿಂಗ್, ಅಂದರೆ ಕಟ್ಟುಪಾಡು ತೆಗೆಯಲು ಕಂಪನಿಗೆ ಹೇಳಿ. ಮೋಡೆಮಿಗೆ ಲ್ಯಾಂಡ್‌ಲೈನ್ ಇದ್ದರೆ ಅದರ ವಾಯ್ಸ್ ಸೆಟ್ಟಿಂಗ್ ಅಳಿಸದಂತೆ ಮರೆಯದೆ ತಿಳಿಸಿ.

ಪ್ರಶ್ನೆ: ಸಿಡಿಲು ಬರುವಾಗ ಫೈಬರ್ ವಯರನ್ನೂ ಕಳಚಬೇಕೇ?
– ಓದುಗರು, ಮಣಿಪಾಲ

ಉತ್ತರ: ಬೇಡ. ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯದು. ಗುಡುಗು ದೂರವಿರುವಾಗಲೇ ಅಡಾಪ್ಟರುಗಳನ್ನು ಪ್ಲಗ್ಗಿನಿಂದ ತೆಗೆಯಿರಿ. ಹೊರಗೋಡೆಯ ಮೇಲೆ ಹಾದುಹೋದ ಕ್ಯಾಟ್ 6 ಕೇಬಲನ್ನು ಎರಡೂ ತುದಿಯಲ್ಲಿ ಕಳಚಿ. ಅದು ತಾಮ್ರ, ಪೋರ್ಟ್ ಸುಡುವುದು ಹೆಚ್ಚಾಗಿ ಅದರಿಂದಲೇ. ಫೈಬರಿನ ಹಸಿರು ಕನೆಕ್ಟರನ್ನು ಪದೇಪದೇ ಬಿಚ್ಚಿದರೆ ತುದಿಯಲ್ಲಿ ಧೂಳು ಕುಳಿತು ಸಿಗ್ನಲ್ ಕುಗ್ಗುತ್ತದೆ. ಬಿಚ್ಚಿದ ತುದಿಯೊಳಗೆ ಇಣುಕಲೂಬಾರದು. ಅದರ ಲೇಸರ್ ಕಣ್ಣಿಗೆ ಕಾಣುವುದಿಲ್ಲ.