ಮದುವೆಗೆ ಎರಡು ತಿಂಗಳಿದೆ, ಆಪರೇಷನ್ ಆಗಿ ಸಂಬಳ ನಿಂತಿದೆ. ಸಾಲ ಮಾಡಲಾ, ಮುಂದೂಡಲಾ?

ನೀವು ಬರೆದಿದ್ದನ್ನು ಎರಡು ಸಲ ಓದಿದೆ. ಮದ್ದೂರಿನ ಹತ್ತಿರ ಗಾರ್ಮೆಂಟ್ಸ್‌ನಲ್ಲಿ ಕೆಲಸ, ತಿಂಗಳಿಗೆ 14,000 ಸಂಬಳ. ಬೆನ್ನಿನ ಡಿಸ್ಕ್ ಆಪರೇಷನ್ ಆಗಿದೆ, ಮೂರು ತಿಂಗಳು ರೆಸ್ಟ್ ಅಂದಿದ್ದಾರೆ. ಮದುವೆಗೆ ಕೂಡಿಟ್ಟ ದುಡ್ಡು ಆಸ್ಪತ್ರೆಗೆ ಹೋಯಿತು. ಆಷಾಢಕ್ಕೆ ಮುಂಚೆ ಮದುವೆ. ಅಪ್ಪ ಬಡ್ಡಿಗೆ ಎರಡು ಲಕ್ಷ ತರುತ್ತೇನೆ ಅನ್ನುತ್ತಿದ್ದಾರೆ. ಗಂಡಿನ ಮನೆಯವರಿಗೆ ಇನ್ನೂ ವಿಷಯ ಹೇಳಿಲ್ಲ.

ತಂಗಿ, ಸಾಲದ ಮಾತು ಆಮೇಲೆ. ಮೊದಲು ಗಂಡಿನ ಮನೆಯವರಿಗೆ ಹೇಳಿ. ಇದನ್ನು ಹಿಂದುಮುಂದು ಮಾಡಿ ನಾನು ಎರಡು ವರ್ಷ ದಂಡ ತೆತ್ತಿದ್ದೇನೆ.

ನಮ್ಮದು ಪಾಂಡವಪುರದ ಕಡೆ ಹಳ್ಳಿ. ಆಗ ಗೂಡ್ಸ್ ಆಟೋದಲ್ಲಿ ತರಕಾರಿ ತುಂಬಿಕೊಂಡು ಮೈಸೂರಿನ ಬಂಡಿಪಾಳ್ಯ ಎಪಿಎಂಸಿಗೆ ಹೋಗುತ್ತಿದ್ದೆ. 2019ರ ಮೇ ತಿಂಗಳಿಗೆ ಮದುವೆ ಗೊತ್ತಾಗಿತ್ತು. ಜನವರಿಯಲ್ಲಿ ಸಂಜೆ ಆದರೆ ಜ್ವರ, ಉಸಿರೆಳೆದರೆ ಪಕ್ಕೆಯಲ್ಲಿ ಚುಚ್ಚು ನೋವು. ಆ ಕ್ಲಿನಿಕ್ ಈ ಕ್ಲಿನಿಕ್ ಅಂತ ಎರಡು ತಿಂಗಳು ಅಲೆದು 38,000 ಕಳೆದೆ. ಕೊನೆಗೆ ಮಂಡ್ಯದ ಸರ್ಕಾರಿ ಆಸ್ಪತ್ರೆ ಮಿಮ್ಸ್‌ನಲ್ಲಿ ಶ್ವಾಸಕೋಶದ ಸುತ್ತ ನೀರು ತುಂಬಿದೆ, ಟಿಬಿ ಅಂದರು. ಆರು ತಿಂಗಳ ಮಾತ್ರೆ ಪೂರ್ತಿ ಉಚಿತ. ಪೌಷ್ಟಿಕ ಆಹಾರಕ್ಕೆ ಅಂತ ಆಗ ತಿಂಗಳಿಗೆ 500 ರೂಪಾಯಿ ಬ್ಯಾಂಕ್ ಖಾತೆಗೂ ಬರುತ್ತಿತ್ತು. ನಮ್ಮನ್ನು ಹಿಂಡಿದ್ದು ಮನೆ ಮುಂದೆ ನಿಂತ ಗಾಡಿ. ದುಡಿಮೆ ಇಲ್ಲ, ಆಟೋ ಕಂತು ಮಾತ್ರ ತಿಂಗಳಿಗೆ 7,800 ಕಟ್ಟಲೇಬೇಕು.

ಟಿಬಿ ಅಂದರೆ ಸಂಬಂಧ ಮುರಿದು ಬೀಳುತ್ತೆ ಅಂತ ಅಮ್ಮ ಹೆದರಿದರು. ಯಾರಿಗೂ ಹೇಳಲಿಲ್ಲ. ಊರಿನವರೊಬ್ಬರ ಹತ್ತಿರ ನೂರಕ್ಕೆ ಮೂರು ರೂಪಾಯಿ ಬಡ್ಡಿಗೆ ಒಂದು ಲಕ್ಷ ತಂದೆ. ಮೂರು ರೂಪಾಯಿ ಅಂದರೆ ಸಣ್ಣದಾಗಿ ಕೇಳಿಸುತ್ತೆ ಅಲ್ವಾ? ಅದು ತಿಂಗಳ ಲೆಕ್ಕ. ವರ್ಷಕ್ಕೆ 36,000 ಬಡ್ಡಿಗೇ ಹೋಗುತ್ತದೆ, ಅಸಲು ಅಲ್ಲೇ ಕೂತಿರುತ್ತದೆ. ನಿಮ್ಮ ಅಪ್ಪ ತರುವ ಎರಡು ಲಕ್ಷಕ್ಕೂ ಇದೇ ದರವಾದರೆ ತಿಂಗಳಿಗೆ 6,000. ನಿಮ್ಮ ಸಂಬಳದಲ್ಲಿ ಹತ್ತಿರ ಹತ್ತಿರ ಅರ್ಧ.

ಮದುವೆಗೆ ಇಪ್ಪತ್ತು ದಿನ ಇದ್ದಾಗ ತಡೆಯಲಾಗದೆ ಹುಡುಗಿಗೆ ಹೇಳಿಬಿಟ್ಟೆ. ಕಾಯಿಲೆ ವಿಷಯಕ್ಕೆ ಅವಳು ಅಷ್ಟು ನೊಂದುಕೊಳ್ಳಲಿಲ್ಲ, ಮುಚ್ಚಿಟ್ಟೆನಲ್ಲ ಅಂತ ಅತ್ತಳು. ಮಾರನೇ ದಿನ ಅವರಪ್ಪ ಬಂದು ನಮ್ಮ ಜಗಲಿ ಮೇಲೆ ಕೂತರು. ನನ್ನ ಜೊತೆಗೇ ಆಸ್ಪತ್ರೆಗೆ ಬಂದು ಡಾಕ್ಟರ್ ಹತ್ತಿರ ಮಾತಾಡಿದರು. ಈ ತರದ ಟಿಬಿ ಸಾಮಾನ್ಯವಾಗಿ ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ, ಮಾತ್ರೆ ನಿಲ್ಲಿಸಬಾರದು ಅಷ್ಟೇ ಅಂತ ಡಾಕ್ಟರ್ ಹೇಳಿದರು. ವಾಪಸ್ ಬರುವಾಗ ಮಾವ, 'ಮೊದಲೇ ಹೇಳಿದ್ದರೆ ಛತ್ರದ ಅಡ್ವಾನ್ಸ್ ಆದರೂ ಉಳಿಯುತ್ತಿತ್ತಲ್ಲಪ್ಪ' ಅಂದರು. ನಿಜ. ಎರಡು ತಿಂಗಳು ಮುಂಚೆ ಹೇಳಿದ್ದರೆ ಛತ್ರದವರು ಆ ದಿನವನ್ನು ಬೇರೆಯವರಿಗೆ ಕೊಡುತ್ತಿದ್ದರು. 40,000 ಹೋಯಿತು. ಊರಿನ ದೇವಸ್ಥಾನದಲ್ಲಿ ಎಪ್ಪತ್ತು ಜನರ ಮುಂದೆ ಧಾರೆ ಆಯಿತು. ಆರತಕ್ಷತೆ ಬಿಟ್ಟೆವು. ಬೀಗರ ಊಟ ಮುಂದಿನ ವರ್ಷ ಭತ್ತ ಬಂದ ಮೇಲೆ ಮಾಡಿದೆವು. ಯಾರೂ ಏನೂ ಅನ್ನಲಿಲ್ಲ. ಸಾಲ ತೀರಿದ್ದು ಮಾತ್ರ ಎರಡು ವರ್ಷಕ್ಕೆ.

ಇನ್ನು ನಿಮ್ಮ ವಿಷಯ. ಸಂಬಳದ ಚೀಟಿಯಲ್ಲಿ ಇಎಸ್‌ಐ, ಅಂದರೆ ಕಾರ್ಮಿಕರ ಸರ್ಕಾರಿ ವಿಮೆ, ಅಂತ ಕಟಾವು ಇರಬೇಕು, ನೋಡಿ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರು ಇದರೊಳಗೆ ಬರುತ್ತಾರೆ. ಇದು ಬರೀ ಆಸ್ಪತ್ರೆಗೆ ಅಂತ ಎಷ್ಟೋ ಜನ ತಿಳಿದಿದ್ದಾರೆ. ಕಾಯಿಲೆಯಿಂದ ಕೆಲಸಕ್ಕೆ ಹೋಗಲಾಗದ ದಿನಗಳಿಗೆ ಸಂಬಳದ 70% ದುಡ್ಡು ಕೊಡುತ್ತಾರೆ, ವರ್ಷಕ್ಕೆ 91 ದಿನದವರೆಗೆ. ನಿಮ್ಮ ಲೆಕ್ಕಕ್ಕೆ ತಿಂಗಳಿಗೆ ಸುಮಾರು 9,800. ಅದಕ್ಕೆ ಸಂಬಂಧಪಟ್ಟ ಆರು ತಿಂಗಳ ಅವಧಿಯಲ್ಲಿ 78 ದಿನದ ವಂತಿಗೆ ಕಟ್ಟಿರಬೇಕು. ಇಎಸ್‌ಐ ಡಿಸ್ಪೆನ್ಸರಿಯ ಡಾಕ್ಟರಿಗೆ ತೋರಿಸಿ ರಜೆಯ ಸರ್ಟಿಫಿಕೇಟ್ ಪಡೆಯಬೇಕು. ಆದ್ದರಿಂದ ತಡ ಮಾಡಬೇಡಿ. ಆಪರೇಷನ್ ಬಿಲ್, ಡಿಸ್ಚಾರ್ಜ್ ಚೀಟಿ, ಸ್ಕ್ಯಾನ್ ಎಲ್ಲ ಒಂದು ಕವರಿಗೆ ಹಾಕಿ ಅಣ್ಣನೋ ಅಪ್ಪನೋ ಜೊತೆಗೆ ಹೋಗಿ. ಹೊರಗೆ ಮಾಡಿಸಿದ ಆಪರೇಷನ್‌ಗೆ ಏನಾದರೂ ವಾಪಸ್ ಸಿಗುತ್ತದಾ ಅಂತಲೂ ಅಲ್ಲೇ ಕೇಳಿ. ಇನ್ನೊಂದು ವಿಷಯ, ಈ ದುಡ್ಡು ಪಡೆಯುತ್ತಿರುವಾಗ ಮಾಲೀಕರು ನಿಮ್ಮನ್ನು ಕೆಲಸದಿಂದ ತೆಗೆಯುವ ಹಾಗಿಲ್ಲ, ಕಾನೂನಿದೆ.

ಪಿಎಫ್‌ನಲ್ಲೂ ಕಾಯಿಲೆಗೆ ಅಂತ ತೆಗೆಯಬಹುದು. ಅದು ನಿಮ್ಮದೇ ದುಡ್ಡು, ವಾಪಸ್ ಕಟ್ಟಬೇಕಿಲ್ಲ. ಆದರೆ ಮದುವೆ ಊಟಕ್ಕೆ ಅದನ್ನು ಮುಟ್ಟಬೇಡಿ. ಸಾಲ ಬೇಕೇ ಬೇಕು ಅಂದರೆ ಬ್ಯಾಂಕಿನಲ್ಲೋ ಸೊಸೈಟಿಯಲ್ಲೋ ಒಡವೆ ಅಡ ಇಡಿ. ಮೂರು ರೂಪಾಯಿ ಬಡ್ಡಿಗೂ ಅದಕ್ಕೂ ತುಂಬ ಅಂತರ.

ನಿಮ್ಮ ಅಪ್ಪ 'ಮುಯ್ಯಿ ಬರುತ್ತೆ, ತೀರಿಸೋಣ' ಅನ್ನುತ್ತಿರಬಹುದು. ನಮ್ಮಪ್ಪನೂ ಹಾಗೇ ಅಂದಿದ್ದರು. ಮುಯ್ಯಿ ಪುಸ್ತಕದಲ್ಲಿ ಬರೆದಿದ್ದೆಲ್ಲ ನಾಳೆ ಅವರ ಮನೆ ಮದುವೆಗೆ ನಾವು ಕೊಡಬೇಕಾದ ದುಡ್ಡು. ಜನ ಜಾಸ್ತಿ ಕರೆದಷ್ಟೂ ಊಟದ ಖರ್ಚು ಈಗಲೇ, ಮುಯ್ಯಿ ತೀರಿಸೋದು ಮುಂದೆ.

ಅಪ್ಪ ಡೈರಿಗೆ ಹಾಲು ಹಾಕುತ್ತಾರೆ ಅಂತ ಬರೆದಿದ್ದೀರಿ. ಸಹಕಾರ ಸಂಘದವರಿಗೆ ಇರುವ ಸರ್ಕಾರದ ಆರೋಗ್ಯ ಯೋಜನೆ ಯಶಸ್ವಿನಿಯ ನೋಂದಣಿ ಶುರುವಾದಾಗ ಅವರಿಗೂ ಅಮ್ಮನಿಗೂ ಮಾಡಿಸಿ. ಹಳ್ಳಿಯ ಸಹಕಾರ ಸಂಘದ ಸದಸ್ಯರಿಗೆ ನಾಲ್ಕು ಜನರ ಕುಟುಂಬಕ್ಕೆ 500 ರೂಪಾಯಿ, ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಮತ್ತೆ ಇಂಥ ದಿನ ಬಂದರೆ ಕೂಡಿಟ್ಟ ದುಡ್ಡು ಉಳಿಯುತ್ತದೆ.

ಮುಂದೂಡಲಾ ಅಂತ ಕೇಳಿದಿರಿ. ನಾನಾದರೆ ಶ್ರಾವಣಕ್ಕೆ ಹಾಕುತ್ತಿದ್ದೆ. ಆಷಾಢದಲ್ಲಿ ಹೇಗೂ ನಮ್ಮಲ್ಲಿ ಮದುವೆ ಮಾಡುವುದಿಲ್ಲ, ಶ್ರಾವಣಕ್ಕೆ ಹೋಯಿತು ಅಂದರೆ ನೆಂಟರೂ ಕೆದಕಿ ಕೇಳುವುದಿಲ್ಲ. ಅಷ್ಟರಲ್ಲಿ ನಿಮ್ಮ ರೆಸ್ಟ್ ಮುಗಿದು ಒಂದಾದರೂ ಸಂಬಳ ಬಂದಿರುತ್ತದೆ. ಗಂಡಿನ ಮನೆಯವರು ಇದೇ ದಿನ ಆಗಲಿ ಅಂದರೆ ದೇವಸ್ಥಾನದಲ್ಲಿ ಚಿಕ್ಕದಾಗಿ ಮಾಡಿ. ನಮ್ಮ ಕಡೆ ಎಷ್ಟೋ ಜನ ಸುತ್ತೂರು ಜಾತ್ರೆಯ ಸಾಮೂಹಿಕ ಮದುವೆಯಲ್ಲಿ ಮದುವೆಯಾಗಿ ಗೌರವವಾಗಿ ಬಾಳುತ್ತಿದ್ದಾರೆ.

ಹೇಳುವುದು ಹೇಗೆ ಅಂತ ಭಯ ಇದ್ದರೆ ಮೊದಲು ಹುಡುಗನಿಗೇ ಫೋನ್ ಮಾಡಿ. ಆಮೇಲೆ ಅಪ್ಪ ಮನೆಗೆ ಹೋಗಿ ದೊಡ್ಡವರ ಹತ್ತಿರ ಮಾತಾಡಲಿ. ಡಿಸ್ಚಾರ್ಜ್ ಚೀಟಿ ಜೊತೆಗೆ ತೆಗೆದುಕೊಂಡು ಹೋದರೆ ಊಹಾಪೋಹಕ್ಕೆ ಜಾಗ ಇರುವುದಿಲ್ಲ. ಮತ್ತೆ, ಧಾರೆ ದಿನ ಹಸೆಮಣೆ ಮೇಲೆ ಗಂಟೆಗಟ್ಟಲೆ ಕೆಳಗೆ ಕೂರಬೇಕಲ್ಲ, ಬೆನ್ನು ತಡೆಯುತ್ತದಾ ಅಂತ ಡಾಕ್ಟರನ್ನು ಈಗಲೇ ಕೇಳಿ. ಬೇಡ ಅಂದರೆ ಕುರ್ಚಿ ಹಾಕಿಸಲು ಪುರೋಹಿತರಿಗೆ ಮುಂಚೆಯೇ ಹೇಳಿ.