ರಕ್ಕಸತಂಗಡಿ: ದ್ರೋಹವೋ, ದಂಡನಾಯಕರ ತಪ್ಪೋ?

ವಿಜಯನಗರ 1565ರಲ್ಲಿ ರಕ್ಕಸತಂಗಡಿ ಯುದ್ಧದಲ್ಲಿ ಸೋತದ್ದು ದ್ರೋಹದಿಂದಲೋ, ನಾಯಕರ ತೀರ್ಮಾನಗಳಿಂದಲೋ ಎಂದು ಕೇಳಿದ್ದೀರಿ. ನಾನು ಬೀದರಿನವನು. ಆ ಯುದ್ಧದಲ್ಲಿ ನಮ್ಮೂರ ಅಲಿ ಬರೀದ್ ಷಾ ಗೆದ್ದವರ ಕಡೆ ಇದ್ದ. ನೆಂಟರಿಗೆ ಅವನ ಗೋರಿ ತೋರಿಸೋಕೆ ಹೋದರೆ ಇದೇ ಮಾತು ಬರುತ್ತೆ, ದ್ರೋಹದ ಕತೆ ಎಲ್ಲರಿಗೂ ಬಾಯಿಪಾಠ. ನನ್ನ ಪ್ರಕಾರ ನಾಯಕರ ಪಾಲೇ ಜಾಸ್ತಿ.

ವಿಜಯನಗರದ ಅಧಿಕಾರ ಕೈಯಲ್ಲಿಟ್ಟುಕೊಂಡಿದ್ದ ಅಳಿಯ ರಾಮರಾಯ ವರ್ಷಗಟ್ಟಲೆ ದಖ್ಖನಿನ ಸುಲ್ತಾನರನ್ನು ಒಬ್ಬರ ಮೇಲೊಬ್ಬರನ್ನು ಎತ್ತಿಕಟ್ಟಿ ಆಟ ಆಡಿಸಿದ್ದ. ಕೊನೆಗೆ ಅವರೇ ಬೀಗರಾದರು. ಅಹ್ಮದ್‌ನಗರದ ಹುಸೇನ್ ನಿಜಾಮ್ ಷಾ ಮಗಳು ಚಾಂದ್ ಬೀಬಿಯನ್ನು ಬಿಜಾಪುರದ ಅಲಿ ಆದಿಲ್ ಷಾಗೆ ಕೊಟ್ಟ, ಜೊತೆಗೆ ಸೊಲ್ಲಾಪುರದ ಕೋಟೆಯನ್ನೂ.

ನನ್ನನ್ನು ಜಾಸ್ತಿ ಕಾಡೋದು ಕೃಷ್ಣೆಯ ದಡದಲ್ಲಿ ಆದದ್ದು. ಹೊಳೆ ದಾಟೋಕೆ ಅನುಕೂಲವಾದ ಜಾಗದಲ್ಲಿ ವಿಜಯನಗರದವರು ಮಣ್ಣಿನ ಒಡ್ಡು ಹಾಕಿ, ತೋಪು ಇಟ್ಟು ಭದ್ರವಾಗಿ ಕೂತಿದ್ದರು. ಸುಲ್ತಾನರು ಬೇರೆಲ್ಲೋ ದಾಟುವವರಂತೆ ದಡದುದ್ದಕ್ಕೂ ಹೊರಟರು. ಇವರೂ ಈಚೆ ದಡದಲ್ಲಿ ಅವರ ಜೊತೆಗೇ ನಡೆದರು, ಒಡ್ಡು ಖಾಲಿ ಬಿಟ್ಟು! ಸುಲ್ತಾನರು ಸರ್ರನೆ ತಿರುಗಿ ಬಂದು ಅದೇ ಜಾಗದಲ್ಲಿ ದಾಟಿಬಿಟ್ಟರು. ಕಾವಲಿಗೆ ಒಂದು ತುಕಡಿ ಬಿಡಬೇಕಿತ್ತು, ಅಲ್ವಾ? ಇದರಲ್ಲಿ ದ್ರೋಹ ಎಲ್ಲಿದೆ?

ಯುದ್ಧದ ದಿನ ರಾಮರಾಯ ಕುದುರೆ ಏರಲಿಲ್ಲ, ಪಲ್ಲಕ್ಕಿಯಲ್ಲಿ ಕೂತ. ತೀರಾ ವಯಸ್ಸಾಗಿತ್ತು, ನಿಜ. ಆದರೆ ಸರದಾರರು ಬೇಡವೆಂದರೂ ಕೇಳಲಿಲ್ಲ ಎಂದು ಪರ್ಷಿಯನ್ ಭಾಷೆಯ ಇತಿಹಾಸಕಾರ ಫರಿಷ್ತಾ ಬರೆಯುತ್ತಾನೆ. ಆನೆಯೊಂದು ನುಗ್ಗಿದಾಗ ಬೋಯಿಗಳು ಪಲ್ಲಕ್ಕಿ ಬಿಟ್ಟು ಓಡಿದರು, ಅವನು ಸೆರೆ ಸಿಕ್ಕ. ಹುಸೇನ್ ಅವನ ತಲೆ ಕಡಿಸಿ ಈಟಿಗೆ ಸಿಕ್ಕಿಸಿ ತೋರಿಸಿದ. ಅಲ್ಲಿಗೆ ಇಡೀ ಸೈನ್ಯ ಕಾಲಿಗೆ ಬುದ್ಧಿ ಹೇಳಿತು. ಅಷ್ಟು ದೊಡ್ಡ ದಂಡು ಒಬ್ಬನ ತಲೆಯ ಮೇಲೆ ನಿಂತಿತ್ತು. ಅವನ ನಂತರ ಹುಕುಂ ಯಾರದು ಅನ್ನೋದು ಇತ್ಯರ್ಥವಾಗಿದ್ದಂತೆ ಕಾಣೋದಿಲ್ಲ.

ಹಾಗಂತ ದ್ರೋಹದ ಮಾತು ಸುಮ್ನೆ ಹುಟ್ಟಿದ್ದಲ್ಲ. ಇಬ್ಬರು ಸರದಾರರು ಕೈಕೊಟ್ಟರು ಎಂದು 1567ರಲ್ಲಿ ಅಲ್ಲಿಗೆ ಬಂದಿದ್ದ ಇಟಲಿಯ ವರ್ತಕ ಸೀಸರ್ ಫ್ರೆಡರಿಕ್ ಬರೆದಿದ್ದಾನೆ. ಅದನ್ನು ಪೂರ್ತಿ ಒಪ್ಪಿಕೊಳ್ಳಿ, ಒಂದು ದಿನದ ಸೋಲಿಗೆ ಕಾರಣ ಸಿಗುತ್ತೆ. ರಾಜಧಾನಿ ಹಾಳಾದದ್ದಕ್ಕೆ? ಸುತ್ತಿನ ಮೇಲೆ ಸುತ್ತು ಕೋಟೆ ಇದ್ದ ಊರು ಅದು. ರಣರಂಗದಿಂದ ಬದುಕಿ ಬಂದ ರಾಮರಾಯನ ತಮ್ಮ ತಿರುಮಲ ಆನೆಗಳ ಮೇಲೆ ಖಜಾನೆ ಹೇರಿಸಿ, ಹೆಸರಿಗಷ್ಟೇ ರಾಜನಾಗಿದ್ದ ಸದಾಶಿವರಾಯನನ್ನು ಕರೆದುಕೊಂಡು ಪೆನುಕೊಂಡೆಗೆ ಹೊರಟುಹೋದ. ಕೋಟೆ ಕಾಯಲು ಯಾರನ್ನೂ ನಿಲ್ಲಿಸಲಿಲ್ಲ.